ಸೊನ್ನೆ ಪಾಯಿಂಟ್ ನಾಲ್ಕು

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಹಾರ್ಮೋನ್ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಪಾಯಿಂಟಕ್ಕ ಎಂದು ಕರೆಯುತ್ತಿದ್ದರು. ಎದುರಿಗೇ ಕರೆಯುವಷ್ಟು ಧೈರ್ಯ ಕೆಲವರಿಗಿತ್ತು, ಉಳಿದವರು ಬೆನ್ನ ಹಿಂದೆ ಕರೆದು ತೃಪ್ತಿಪಟ್ಟುಕೊಳ್ಳುತ್ತಿದ್ದರು. ಬೇರೆ ಟೆಕ್ನೀಷಿಯನ್ ಯಾರಾದರೂ ಫೋನಿನಲ್ಲಿ ಡಾಕ್ಟರಿಗೆ 'ಸುಮಾರು ಎರಡಿದೆ ಸಾರ್' ಎಂದರೆ ಸಾಕು, ಪಕ್ಕದಿಂದ ಇವಳ ದನಿ ಬರುತ್ತಿತ್ತು: 'ಸುಮಾರು ಅಲ್ಲ, ಒಂದು ಪಾಯಿಂಟ್ ಒಂಬತ್ತು ಆರು.' ಹನ್ನೆರಡು ವರ್ಷದಲ್ಲಿ ಅವಳ ಸಹಿ ಬಿದ್ದ ಒಂದೇ ಒಂದು ರಿಪೋರ್ಟೂ ತಪ್ಪೆಂದು ವಾಪಸ್ ಬಂದಿರಲಿಲ್ಲ. ಇದನ್ನು ಅವಳೇ ಹೇಳಿಕೊಂಡು ತಿರುಗುತ್ತಿರಲಿಲ್ಲ. ಯಾರಾದರೂ ಹೇಳಿದರೆ ಬೇಡ ಎನ್ನುತ್ತಲೂ ಇರಲಿಲ್ಲ.

ಆ ಲ್ಯಾಬಿಗೆ ಒಂದು ನಿಯಮವಿತ್ತು. ರೋಗಿಗೆ ಅಪಾಯ ತರುವಂಥ ಸಂಖ್ಯೆ ಮೆಷಿನ್ನಿನಲ್ಲಿ ಕಂಡರೆ ರಿಪೋರ್ಟ್ ಪ್ರಿಂಟ್ ಆಗುವವರೆಗೆ ಕಾಯುವಂತಿಲ್ಲ, ಅರ್ಧ ಗಂಟೆಯೊಳಗೆ ಡಾಕ್ಟರಿಗೆ ಫೋನ್ ಮಾಡಿ ಹೇಳಬೇಕು. ಡಾಕ್ಟರಿಗೆ, ರೋಗಿಗಲ್ಲ. ಒಂದು ಬುಧವಾರ ಮಧ್ಯಾಹ್ನ ಸ್ವಂತ ತಂಗಿಯ ರಕ್ತದ ಟ್ಯೂಬನ್ನು ಮೆಷಿನ್ನಿಗೆ ಕೊಟ್ಟು, ಪರದೆಯ ಮೇಲೆ ಸೊನ್ನೆ ಪಾಯಿಂಟ್ ನಾಲ್ಕು ಎಂದು ಮೂಡಿದ್ದನ್ನು ನೋಡಿದಾಗ ಪಾಯಿಂಟಕ್ಕನಿಗೆ ಆ ವ್ಯತ್ಯಾಸ ಮರೆತುಹೋಯಿತು. ಇನ್ನೊಂದು ಸಲ ಓಡಿಸಿದಳು. ಮತ್ತೆ ಅದೇ. ಹನ್ನೆರಡು ವರ್ಷದ ಅಭ್ಯಾಸಕ್ಕೆ ಕೈ ತಾನಾಗಿ ಫೋನಿನ ಮೇಲೆ ಹೋಯಿತು. ಕನ್ನಡಕದಂಗಡಿಯಲ್ಲಿ ಕೆಲಸದಲ್ಲಿದ್ದ ತಂಗಿಗೇ ನೇರ ಮಾಡಿದಳು.

"ಸಣ್ಣಿ, ಕೂತಿದ್ದೀಯಾ ನಿಂತಿದ್ದೀಯಾ?"

"ನಿಂತಿದ್ದೀನಿ. ಇಲ್ಲೊಬ್ಬ ಅಜ್ಜನ ಮೂಗಿನ ಮೇಲೆ ಕನ್ನಡಕ ನಿಲ್ತಾನೇ ಇಲ್ಲ. ಏನಕ್ಕಾ?"

"ನಿನ್ನ ರಿಸಲ್ಟ್ ಬಂತು. ಸೊನ್ನೆ ಪಾಯಿಂಟ್ ನಾಲ್ಕು."

"ಅಂದ್ರೆ?"

ಇಲ್ಲಾದರೂ ಅವಳು ಬಾಯಿ ಮುಚ್ಚಿಕೊಳ್ಳಬಹುದಿತ್ತು. ಡಾಕ್ಟರನ್ನು ಕೇಳು ಎನ್ನಬಹುದಿತ್ತು. ಆದರೆ ಎಲ್ಲ ಬಲ್ಲವಳೆಂದು ಹೆಸರು ಮಾಡಿದವಳಿಗೆ ಗೊತ್ತಿಲ್ಲ ಎನ್ನುವುದು ಅಷ್ಟು ಸುಲಭವಲ್ಲ.

"ಅಂದ್ರೆ ನಿನ್ನ ಎಗ್ ಹೆಚ್ಚುಕಮ್ಮಿ ಮುಗ್ದಿದೆ ಅಂತ. ನಿನ್ನ ವಯಸ್ಸಿಗೆ ಎರಡರ ಮೇಲಿರ್ಬೇಕು. ಇದು ನಲವತ್ತೈದು ದಾಟಿದವರಿಗೆ ಬರೋ ನಂಬರು ಕಣೆ."

ಆ ಕಡೆಯಿಂದ ತಂಗಿಯ ದನಿ ಕೇಳಿಸಿತು, ಆದರೆ ಮಾತು ಇವಳಿಗಲ್ಲ: "ಈಗ ನೋಡಿ ಅಜ್ಜ, ಇನ್ನೂ ಜಾರುತ್ತಾ?" ಫೋನ್ ಕಟ್ಟಾಯಿತು.

ಸಣ್ಣಿ ಅವಳಿಗೆ ಬರಿಯ ತಂಗಿಯಲ್ಲ. ಅಮ್ಮ ತೀರಿಕೊಂಡಾಗ ಇವಳಿಗೆ ಹದಿನೇಳು, ಅವಳಿಗೆ ಹದಿಮೂರು. ಲಾರಿ ಓಡಿಸುತ್ತಿದ್ದ ಅಪ್ಪ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ತಲೆ ಬಾಚುವುದು, ಮಗ್ಗಿ ಒಪ್ಪಿಸಿಕೊಳ್ಳುವುದು, ಮೊದಲ ಸಲ ಮುಟ್ಟಾದಾಗ ಹೆದರಿ ಬಚ್ಚಲಲ್ಲಿ ಕೂತವಳನ್ನು ಕರೆತರುವುದು, ಎಲ್ಲವೂ ಇವಳ ಪಾಲಿಗೇ ಬಂದಿತ್ತು. ಮನೆಗೆ ಚಿಕ್ಕವಳೆಂದು ಬಿದ್ದ ಸಣ್ಣಿ ಎಂಬ ಹೆಸರು ಮೂವತ್ತಾದರೂ ಆ ಹುಡುಗಿಯನ್ನು ಬಿಟ್ಟಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಸಣ್ಣಿ ಬಾಗಿಲ ಚೌಕಟ್ಟಿಗೆಲ್ಲ ಭುಜ ತಾಗಿಸಿಕೊಂಡು ಓಡಾಡಲು ಶುರುಮಾಡಿದಳು. ರಸ್ತೆಯಲ್ಲಿ ಪಕ್ಕದಿಂದ ಬರುವ ಸೈಕಲ್ ಅವಳಿಗೆ ಕಾಣುತ್ತಿರಲಿಲ್ಲ. 'ಕಣ್ಣೇನು ನೆತ್ತಿ ಮೇಲಿದೆಯಾ' ಎಂದು ಕಂಡವರಿಂದ ಬೈಸಿಕೊಂಡಳು. ದಿನವಿಡೀ ಮಂದಿಯ ಕಣ್ಣು ನೋಡಿ ಕನ್ನಡಕ ಕೂರಿಸುವವಳಿಗೆ ತನ್ನ ಕಣ್ಣಿನ ಎರಡೂ ಅಂಚು ಕತ್ತಲಾಗಿದ್ದು ಗೊತ್ತಾಗಲಿಲ್ಲ. ದೀಪದ ಬುಡ ಕತ್ತಲು ಎನ್ನುವುದು ಸುಳ್ಳಲ್ಲ. ಅಂಗಡಿಗೆ ದೃಷ್ಟಿಯ ಹರವು ಅಳೆಯುವ ಹೊಸ ಮೆಷಿನ್ ಬಂದಾಗ ಯಜಮಾನರು ಪ್ರಯೋಗಕ್ಕೆಂದು ಸಣ್ಣಿಯನ್ನೇ ಅದರ ಮುಂದೆ ಕೂರಿಸಿ, ಬಂದ ಚಿತ್ರ ನೋಡಿ, ಮೆಷಿನ್ ಕೆಟ್ಟಿದೆ ಎಂದು ಕಂಪನಿಗೆ ಫೋನ್ ಮಾಡಿದರು. ಮೆಷಿನ್ ಕೆಟ್ಟಿರಲಿಲ್ಲ. ಮೆದುಳಿನ ಬುಡದಲ್ಲಿ, ಪಿಟ್ಯುಟರಿ ಗ್ರಂಥಿಯ ಮೇಲೆ, ದ್ರಾಕ್ಷಿ ಗಾತ್ರದ ಗೆಡ್ಡೆ ಬೆಳೆದು ಕಣ್ಣಿನ ನರವನ್ನು ಒತ್ತುತ್ತಿತ್ತು.

ಮೂಗಿನ ಮೂಲಕ ಹೋಗಿ ಅದನ್ನು ತೆಗೆದರು. ಕಣ್ಣು ವಾಪಸ್ ಬಂತು, ಗ್ರಂಥಿ ಮಾತ್ರ ಕೆಲಸಕ್ಕೆ ವಾಪಸ್ ಬರಲಿಲ್ಲ. ಬಟಾಣಿ ಕಾಳಿನಷ್ಟಿದ್ದರೂ ಮೈಯ ಅರ್ಧ ಕಾರುಬಾರು ಅದರದು. ಅದು ಸುಮ್ಮನಾದ ಮೇಲೆ ಸಣ್ಣಿ ಬೆಳಿಗ್ಗೆ ಎದ್ದರೆ ಒಂದು ಗುಳಿಗೆ, ತಿಂಡಿಗೆ ಒಂದು, ಮಧ್ಯಾಹ್ನಕ್ಕೆ ಅರ್ಧ. ತಿಂಗಳ ಮುಟ್ಟು ಕೂಡ ಗುಳಿಗೆ ನುಂಗಿದರೆ ಬರುತ್ತಿತ್ತು, ಇಲ್ಲದಿದ್ದರೆ ಇಲ್ಲ. ಅದನ್ನೆಲ್ಲ ತಿಳಿದುಕೊಂಡೇ ಒಬ್ಬ ಲಿಫ್ಟ್ ಮೆಕ್ಯಾನಿಕ್ ಅವಳನ್ನು ಮದುವೆಯಾದ. 'ನಂಗೂ ದಿನಾ ರಿಪೇರಿನೇ ಕೆಲ್ಸ, ಮನೇಲೂ ಇರ್ಲಿ' ಎಂದು ನಗಿಸಿದ್ದ. ಮಗು ಬೇಕೆನಿಸಿದಾಗ ಬನ್ನಿ, ದಾರಿ ಇದೆ ಎಂದು ಪಿಟ್ಯುಟರಿ ಡಾಕ್ಟರು ಆಗಲೇ ಹೇಳಿದ್ದರು. ಇವರಿಗೆ ಬೇಕೆನಿಸಿದ ಹೊತ್ತಿಗೆ ಆ ಡಾಕ್ಟರು ಆರು ತಿಂಗಳ ರಜೆಯ ಮೇಲೆ ಬೇರೆ ದೇಶಕ್ಕೆ ಹೋಗಿದ್ದರು. ಅವರ ಜಾಗದಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು, ಅಂಡಾಶಯದಲ್ಲಿ ಎಷ್ಟು ಅಂಡಾಣು ಉಳಿದಿದೆ ಎಂದು ಅಂದಾಜು ಕೊಡುವ ಎಎಂಎಚ್ ಎಂಬ ಪರೀಕ್ಷೆ ಬರೆದುಕೊಟ್ಟರು. ಆ ಟ್ಯೂಬೇ ಬುಧವಾರ ಪಾಯಿಂಟಕ್ಕನ ಕೈಗೆ ಬಂದದ್ದು.

ರಿಪೋರ್ಟಿನ ಕೆಳಗೆ ಒಂದು ಸಾಲು ಅಚ್ಚಾಗಿತ್ತು: 'ಅಂಡಾಶಯದ ಸಂಗ್ರಹ ತೀರಾ ಕಡಿಮೆ. ದಾನಿ ಅಂಡಾಣುವಿನ ಬಗ್ಗೆ ವಿಚಾರಿಸಿ.' ಅರ್ಧಕ್ಕಿಂತ ಕೆಳಗಿನ ಸಂಖ್ಯೆ ಬಂದರೆ ಮೆಷಿನ್ ತಾನಾಗಿ ಆ ಸಾಲನ್ನು ಸೇರಿಸುತ್ತಿತ್ತು. ಐದು ವರ್ಷದ ಹಿಂದೆ, ಡಾಕ್ಟರುಗಳು ಮಾತು ಮಾತಿಗೆ ಫೋನ್ ಮಾಡಿ ಇದರರ್ಥ ಏನು ಎಂದು ಕೇಳುವ ಕಾಟ ತಪ್ಪಲಿ ಎಂದು ಪಾಯಿಂಟಕ್ಕನೇ ಅದನ್ನು ಬರೆದು ಹಾಕಿದ್ದಳು. ಸಣ್ಣಿ ಆ ಹಾಳೆ ಹಿಡಿದು ಪೇಟೆಯ ಇನ್ನೊಂದು ತುದಿಯ ಬಂಜೆತನದ ಕ್ಲಿನಿಕ್ಕಿಗೆ ಹೋದಳು. ಅಲ್ಲಿನ ಡಾಕ್ಟರು ಸಂಖ್ಯೆ ನೋಡಿದರು, ಕೆಳಗಿನ ಸಾಲು ನೋಡಿದರು, ಜೊತೆಗೆ ಬಂದ ಅಕ್ಕ ಹಾರ್ಮೋನ್ ಲ್ಯಾಬಿನವಳೆಂದು ತಿಳಿದು ಅವಳ ಮುಖವನ್ನೂ ನೋಡಿದರು. ಅಕ್ಕ ತಲೆಯಾಡಿಸಿದಳು. ದಾನಿ ಅಂಡಾಣುವೇ ಗತಿ ಎಂದು ಏಳು ನಿಮಿಷದಲ್ಲಿ ತೀರ್ಮಾನವಾಯಿತು.

ಆ ಸಂಜೆ ತಂಗಿಯ ಮನೆಯಲ್ಲಿ ಮೂವರೂ ಟೀ ಲೋಟ ಹಿಡಿದುಕೊಂಡು ಆರಿಸುತ್ತ ಕೂತಿದ್ದರು. ಸಣ್ಣಿಯ ಕಣ್ಣು ಊದಿತ್ತು.

"ಯಾರದೋ ಎಗ್ ತಂದು ಇಟ್ಕೊಳ್ಳೋದು. ಯಾರ ಮೂಗೋ, ಯಾರ ಬುದ್ಧಿಯೋ," ಎಂದಳು.

"ನಂದು ತಗೋ," ಎಂದಳು ಅಕ್ಕ.

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಮನಸ್ಸಿನಲ್ಲಿ ಬರುವ ಮೊದಲೇ ಬಾಯಿಗೆ ಬಂದಿತ್ತು.

ಲಿಫ್ಟ್ ಮೆಕ್ಯಾನಿಕ್ ಲೋಟ ಕೆಳಗಿಟ್ಟ. "ಅತ್ತಿಗೆ, ಹುಟ್ಟೋ ಮಗು ಮಾತು ಕಲಿತ ದಿನದಿಂದ ನಮ್ಮನ್ನ ತಿದ್ದೋಕೆ ಶುರು ಮಾಡಿದ್ರೆ ಗತಿಯೇನು? ಹಾಲು ಸುಮಾರು ಒಂದು ಲೋಟ ಅಲ್ಲ, ಪಾಯಿಂಟ್ ಒಂಬತ್ತು ಅಂತ?"

ಸಣ್ಣಿ ನಕ್ಕಳು. ನಗುತ್ತಲೇ ಅಕ್ಕನ ಭುಜಕ್ಕೆ ಹಣೆಯಿಟ್ಟು ಮತ್ತೆ ಅತ್ತಳು.

ಪಾಯಿಂಟಕ್ಕನಿಗೆ ಆಗ ಮೂವತ್ತನಾಲ್ಕು. ಬಂದ ಗಂಡುಗಳಲ್ಲಿ ಒಬ್ಬ ಇವಳಿಗೆ ಹಿಡಿಸಲಿಲ್ಲ, ಒಬ್ಬನಿಗೆ ಇವಳು ಹಿಡಿಸಲಿಲ್ಲ, ಮೂರನೆಯವನು ಬರುವ ಹೊತ್ತಿಗೆ ಇವಳಿಗೇ ಸಾಕಾಗಿತ್ತು. ಒಬ್ಬಳೇ ಇರುವುದು ಅವಳಿಗೆ ಒಗ್ಗಿಹೋಗಿತ್ತು. ಒಬ್ಬಳೇ ಹೆತ್ತು ಸಾಕುವಷ್ಟು ಗುಂಡಿಗೆ ಮಾತ್ರ ಇರಲಿಲ್ಲ, ಆದ್ದರಿಂದ ಮಗುವಿನ ವಿಚಾರವನ್ನು ಅವಳು ಮನಸ್ಸಿನ ಹತ್ತಿರವೂ ಬಿಟ್ಟುಕೊಂಡಿರಲಿಲ್ಲ. ತನ್ನ ರಕ್ತವನ್ನು ತಾನೇ ಪರೀಕ್ಷೆ ಮಾಡಿ ಎರಡು ಪಾಯಿಂಟ್ ಆರು ಒಂದು ಎಂದು ಕಂಡ ದಿನ ಅದೇ ವಿಚಾರ ಒಳಗೆ ಬಂದು ಕೂತಿತು, ಎದ್ದು ಹೋಗೆಂದರೂ ಹೋಗಲಿಲ್ಲ.

ಅವಳು ಕಾಫಿ ಬಿಟ್ಟಳು. ಬೆಳಿಗ್ಗೆ ನಡೆಯಲು ಹೊರಟಳು. ಆಸ್ಪತ್ರೆಯ ಲಿಫ್ಟಿನ ಕನ್ನಡಿಯಲ್ಲಿ ತನ್ನ ಕಿವಿಯನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡಳು. ಅಮ್ಮನದೇ ಕಿವಿ, ಹಾಲೆ ಅಂಟಿಕೊಂಡದ್ದು. ಹೊರುವವಳು ತಂಗಿ, ಹೆರುವವಳು ತಂಗಿ, ಅಮ್ಮ ಅನ್ನಿಸಿಕೊಳ್ಳುವವಳೂ ತಂಗಿ. ದೊಡ್ಡಮ್ಮ ಅನ್ನಿಸಿಕೊಂಡು ಪಕ್ಕದಲ್ಲಿ ಕೂತು, ಇದು ನನ್ನ ಕಿವಿ ಎಂದು ಒಳಗೊಳಗೇ ಅಂದುಕೊಳ್ಳಲು ಯಾರ ಅಪ್ಪಣೆ ಬೇಕು? ಅಷ್ಟೇ ಸಾಕಿತ್ತು ಅವಳಿಗೆ. ಅಷ್ಟು ಸಾಕು ಎನ್ನುವುದು ಎಷ್ಟು ದೊಡ್ಡ ಆಸೆ ಎಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಕ್ಲಿನಿಕ್ಕಿನ ಕಾಗದಪತ್ರಗಳು ಒಂದೊಂದಾಗಿ ತಯಾರಾದವು. ಸಹಿ ಹಾಕಲು ಇನ್ನು ಹನ್ನೊಂದು ದಿನ ಇದೆ ಎನ್ನುವಾಗ ಲ್ಯಾಬಿನ ಫೋನ್ ಹೊಡೆದುಕೊಂಡಿತು. ಪಿಟ್ಯುಟರಿ ಡಾಕ್ಟರು ರಜೆ ಮುಗಿಸಿ ಬಂದಿದ್ದರು. ಅವರಿಗೆ ಮೂಗಿನ ತುದಿಯಲ್ಲೇ ಕೋಪ.

"ಎಎಂಎಚ್ ರಿಪೋರ್ಟ್ ಕೆಳಗೆ ಆ ಸಾಲು ಬರ್ದಿರೋ ಮಹಾನುಭಾವರು ಯಾರು?"

"ನಾನೇ ಸಾರ್."

"ನನ್ನ ಪೇಷೆಂಟ್ ಒಬ್ಬರು, ಸ್ಕೂಲ್ ಟೀಚರು, ಅದನ್ನ ಓದ್ಕೊಂಡು ಇಲ್ಲಿ ಅರ್ಧ ಗಂಟೆ ಅತ್ತಿದ್ದಾರೆ. ಅವರಿಗೆ ಪಿಟ್ಯುಟರಿ ಕೆಲ್ಸ ಮಾಡ್ತಿಲ್ಲ. ಎಫ್‌ಎಸ್‌ಎಚ್ ಒಂದಕ್ಕಿಂತ ಕಮ್ಮಿ. ಅದನ್ನ ನೋಡಿದ್ರಾ?"

"ಸಾರ್, ಎಎಂಎಚ್ ಯಾವ ದಿನ ಬೇಕಾದ್ರೂ ನೋಡ್ಬಹುದು, ಅದು ಬೇರೆ ಹಾರ್ಮೋನ್ ಮೇಲೆ ನಿಂತಿಲ್ಲ ಅಂತ..."

"ಪಿಟ್ಯುಟರಿ ನೆಟ್ಟಗಿರೋರಿಗೆ ಆ ಮಾತು ನಡೆಯುತ್ತೆ. ಅಂಡಾಶಯಕ್ಕೆ ಮೇಲಿಂದ, ಪಿಟ್ಯುಟರಿಯಿಂದ, ಎಫ್‌ಎಸ್‌ಎಚ್ ಬಂದು ಏಳು ಅಂದ್ರೆ ತಾನೆ ಅದು ಏಳೋದು? ವರ್ಷಗಟ್ಟಲೆ ಯಾರೂ ಕರೀದೆ ಇದ್ರೆ ಅದೂ ಮುದುಡಿ ಮಲಗಿರುತ್ತೆ. ಜೊತೆಗೆ ಮುಟ್ಟಿನ ಗುಳಿಗೆ ಬೇರೆ ನುಂಗ್ತಿರ್ತಾರೆ, ಅದೂ ಸ್ವಲ್ಪ ತಗ್ಗಿಸುತ್ತೆ. ನಂಬರು ಕಮ್ಮಿ ಬರದೆ ಇನ್ನೇನು ಬರುತ್ತೆ? ಮೊದ್ಲು ಇಂಜೆಕ್ಷನ್ ಕೊಟ್ಟು ಎಬ್ಬಿಸಿ ಆಮೇಲೆ ಎಣಿಸ್ಬೇಕು. ಮಲಗಿರೋ ಮನೆ ಬಾಗಿಲು ನೋಡಿ ಯಾರೂ ಇಲ್ಲ ಅಂತ ಬರ್ಕೊಂಡು ಹೋಗೋದಾ?"

"ಆಪರೇಷನ್ ಆಗಿ ನಾಲ್ಕು ವರ್ಷ ಆಗಿದ್ರೂನಾ ಸಾರ್?"

"ನಾಲ್ಕಾಗ್ಲಿ ಎಂಟಾಗ್ಲಿ."

"ಎಲ್ರಿಗೂ ಏರುತ್ತಾ?"

"ಎಲ್ರಿಗೂ ಇಲ್ಲ. ಕೆಲವರಿಗೆ ನಿಜವಾಗ್ಲೂ ಖಾಲಿ ಇರುತ್ತೆ. ಆದ್ರೆ ಎಬ್ಬಿಸಿ ನೋಡದೆ ಹೇಳೋಕೆ ನಾವ್ಯಾರು, ನೀವ್ಯಾರು? ಆ ಸಾಲು ತೆಗೀರಿ."

ಫೋನ್ ಇಟ್ಟ ಮೇಲೆ ಅವಳಿಗೆ ಆ ಬುಧವಾರ ನೆನಪಾಯಿತು. ಚಿಕ್ಕ ಡಾಕ್ಟರು ಚೀಟಿಯಲ್ಲಿ ಎಫ್‌ಎಸ್‌ಎಚ್ ಕೂಡ ಬರೆದಿದ್ದರು. ಸಣ್ಣಿಗೆ ಅದು ನೆಲ ಕಚ್ಚಿರುವುದು ನಾಲ್ಕು ವರ್ಷದಿಂದ ಗೊತ್ತೇ ಇದೆ, ಗೊತ್ತಿದ್ದಕ್ಕೆ ಮತ್ತೆ ಯಾಕೆ ಪರೀಕ್ಷೆಯ ಕಿಟ್ ದಂಡ ಮಾಡುವುದು ಎಂದು ಇವಳೇ ಅದನ್ನು ಬಿಟ್ಟಿದ್ದಳು. ಅಂಡಾಶಯ ನಿಜಕ್ಕೂ ಬರಿದಾದವರಿಗೆ ಎಫ್‌ಎಸ್‌ಎಚ್ ಆಕಾಶಕ್ಕೇರುತ್ತದೆ. ಎರಡೂ ಸಂಖ್ಯೆ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ನಿಂತಿದ್ದರೆ, ಎರಡೂ ತಳದಲ್ಲಿರುವುದು ಕಂಡು ಎಲ್ಲೋ ಏನೋ ತಾಳೆಯಾಗುತ್ತಿಲ್ಲ ಎಂದು ಅವಳ ಕಣ್ಣಿಗೇ ಬೀಳುತ್ತಿತ್ತು. ಬೇರೆ ಯಾವ ಹೆಂಗಸಿನ ಟ್ಯೂಬು ಆಗಿದ್ದರೂ ಬರೆದ ಪರೀಕ್ಷೆಯನ್ನು ಅವಳು ಬಿಡುತ್ತಿರಲಿಲ್ಲ. ತಂಗಿಯ ವಿಷಯ ತನಗೆ ಗೊತ್ತಿಲ್ಲದ್ದೇನಿದೆ ಎಂಬ ಸಲಿಗೆ ಅವಳ ಕೈಯಿಂದ ಆ ಕೆಲಸ ಮಾಡಿಸಿತ್ತು.

ಅದೇ ಮಧ್ಯಾಹ್ನ ಅವಳು ಕಂಪ್ಯೂಟರಿನ ಮುಂದೆ ಕೂತು ಹಳೆಯ ಸಾಲನ್ನು ಅಳಿಸಿ ಹೊಸದನ್ನು ಬರೆದಳು: 'ಪಿಟ್ಯುಟರಿ ತೊಂದರೆ ಇರುವವರಲ್ಲಿ ಈ ಒಂದು ಸಂಖ್ಯೆಯಿಂದ ತೀರ್ಮಾನಕ್ಕೆ ಬರಬಾರದು.' ಎರಡು ಸಲ ಓದಿ, ಒಂದು ಅಕ್ಷರ ತಿದ್ದಿ, ಸೇವ್ ಮಾಡಿದಳು. ಅಂದಿನಿಂದ ಆ ಆಸ್ಪತ್ರೆಗೆ ಬರುವ ಎಲ್ಲ ಹೆಂಗಸರಿಗೂ ನ್ಯಾಯ ಸಿಕ್ಕಿತು. ತಂಗಿಗೆ ಮಾತ್ರ ಅವಳು ಫೋನ್ ಮಾಡಲಿಲ್ಲ.

ಇವತ್ತು ಬೇಡ, ಅಂಗಡಿಯಲ್ಲಿ ಗಿರಾಕಿ ಇರುತ್ತಾರೆ ಎಂದುಕೊಂಡಳು. ಮರುದಿನ, ಇದನ್ನು ಫೋನಿನಲ್ಲಿ ಹೇಳಬಾರದು ಎಂದುಕೊಂಡಳು. ಆ ಬುದ್ಧಿ ಬುಧವಾರವೇ ಬಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಮೂರನೆಯ ದಿನ ಡಾಕ್ಟರ ಮಾತಿನಲ್ಲಿ ತನಗೆ ಬೇಕಾದ ತುಂಡನ್ನು ಹೆಕ್ಕಿಕೊಂಡಳು: ಎಲ್ಲರಿಗೂ ಏರುವುದಿಲ್ಲ. ಸಣ್ಣಿಯದು ಏರದಿದ್ದರೆ? ಮೊದಲೇ ಸೂಜಿ ಕಂಡರೆ ನಡುಗುವವಳು. ತಿಂಗಳುಗಟ್ಟಲೆ ಚುಚ್ಚಿಸಿಕೊಂಡು ಕೊನೆಗೆ ಖಾಲಿ ಎಂದಾದರೆ ಮತ್ತೊಂದು ಸಲ ಅಳಬೇಕು. ಕೈಯಲ್ಲಿ ಎರಡು ಪಾಯಿಂಟ್ ಆರು ಒಂದು ಇರುವಾಗ ಆ ಸಂಕಟ ಯಾಕೆ? ಎಲ್ಲ ತಂಗಿಯ ಒಳ್ಳೆಯದಕ್ಕೇ ಎಂದು ತನಗೆ ತಾನೇ ಒಪ್ಪಿಸಿಕೊಂಡಳು. ಮನಸ್ಸಿಗೆ ವಕೀಲಿಕೆ ಯಾರೂ ಕಲಿಸಬೇಕಾಗಿಲ್ಲ.

ಕೆಟ್ಟದ್ದೆಂದರೆ ಆ ದಿನಗಳಲ್ಲೇ ಸಣ್ಣಿ ಅಕ್ಕನನ್ನು ಅಂಗೈಯಲ್ಲಿಟ್ಟುಕೊಂಡಳು. ಊಟ ಆಯ್ತಾ, ನಿದ್ದೆ ಆಯ್ತಾ, ಭಾರ ಎತ್ತಬೇಡ, ದಿನಕ್ಕೆ ಮೂರು ಫೋನ್. ಅಂಗಡಿಯಿಂದ ಬರುವಾಗ ಅಕ್ಕನಿಗೆಂದು ಮೆತ್ತನೆಯ ಬೂಟು ತಂದಳು, ಮೊಣಕಾಲೂರಿ ಕೂತು ತಾನೇ ಲೇಸು ಕಟ್ಟಿದಳು.

"ಚಿಕ್ಕೋಳಿದ್ದಾಗ ನನ್ನ ಬೂಟಿನ ಲೇಸು ನೀನು ಕಟ್ತಿದ್ದೆ," ಎಂದಳು. "ನೀನು ಇಲ್ದಿದ್ರೆ ನಾನು ಏನು ಮಾಡ್ತಿದ್ದೆ ಅಕ್ಕಾ?"

ಪಾಯಿಂಟಕ್ಕನಿಗೆ ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕೆನಿಸಿತು. ನಾನು ಕಳ್ಳಿ ಎಂದು ಅವಳಿಗೆ ಆಗ ಸ್ಪಷ್ಟವಾಗಿ ಅನ್ನಿಸಿತು. ಆದರೂ ಹೇಳಲಿಲ್ಲ.

ಹನ್ನೊಂದನೆಯ ದಿನ ಕ್ಲಿನಿಕ್ಕಿನಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆದು ಮಾತಾಡಿಸಿದರು. ಸಣ್ಣ ಕೋಣೆ, ಗೋಡೆಗೆ ತಿಳಿ ಹಸಿರು ಬಣ್ಣ, ಮೇಜಿನ ಮೇಲೆ ಕಾಗದದ ಕರವಸ್ತ್ರದ ಡಬ್ಬಿ. ಆಪ್ತ ಸಲಹೆಗಾರ್ತಿ ವಯಸ್ಸಾದ, ನಿಧಾನ ಮಾತಿನ ಹೆಂಗಸು.

"ನೀವು ಯಾಕೆ ಕೊಡ್ತಿದ್ದೀರಿ ಅಂತ ನಿಮ್ಮ ಮಾತಲ್ಲೇ ಹೇಳಿ. ಯಾರದಾದ್ರೂ ಒತ್ತಾಯ ಇದೆಯಾ?"

"ಒತ್ತಾಯ ಇಲ್ಲ. ನನ್ನ ತಂಗಿಗೆ ಬೇರೆ ದಾರಿ ಇಲ್ಲ, ಅದಕ್ಕೆ."

ಸಲಹೆಗಾರ್ತಿ ಅದನ್ನು ಹಾಗೆಯೇ, ಒಂದಕ್ಷರ ಬಿಡದೆ, ದುಂಡಗಿನ ಕೈಬರಹದಲ್ಲಿ ಬರೆದುಕೊಂಡರು. ಆಮೇಲೆ ಹಾಳೆಯನ್ನು ಇವಳ ಕಡೆ ತಿರುಗಿಸಿ ಪೆನ್ನು ಕೊಟ್ಟರು. "ಓದಿ ನೋಡಿ. ಸರಿ ಇದ್ರೆ ಕೆಳಗೆ ಸಹಿ ಮಾಡಿ."

ಓದಿದಳು. 'ನನ್ನ ತಂಗಿಗೆ ಬೇರೆ ದಾರಿ ಇಲ್ಲ.' ಬಾಯಲ್ಲಿ ಆಡಿದ್ದು ಬೇರೆ, ಬರೆದದ್ದು ಬೇರೆ. ಬಾಯಲ್ಲಿ ಹನ್ನೊಂದು ದಿನ ಆಡಿ ದಕ್ಕಿಸಿಕೊಂಡಿದ್ದಳು. ಹಾಳೆಯ ಮೇಲೆ ಅದು ರಿಪೋರ್ಟಿನ ಹಾಗೆ ಕಾಣುತ್ತಿತ್ತು, ಕೆಳಗೆ ಸಹಿಗೆ ಗೆರೆ ಎಳೆದ ರಿಪೋರ್ಟು. ತಪ್ಪೆಂದು ತಿಳಿದೂ ಅವಳು ಯಾವತ್ತೂ ಸಹಿ ಹಾಕಿದವಳಲ್ಲ. ಕೈ ಬರಲಿಲ್ಲ. ಒಳ್ಳೆಯತನದಿಂದ ಅಂತಲ್ಲ, ಅಭ್ಯಾಸ ಇರಲಿಲ್ಲ, ಅಷ್ಟೇ. ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟು ಎದ್ದಳು.

"ಒಂದು ನಿಮಿಷ," ಎಂದು ಹೊರಗೆ ಹೋದಳು.

ಕಾರಿಡಾರಿನ ಬೆಂಚಿನ ಮೇಲೆ ಗಂಡಹೆಂಡತಿ ಕೂತಿದ್ದರು. ಅವಳು ನಿಂತುಕೊಂಡೇ ಎಲ್ಲ ಹೇಳಿದಳು, ಲ್ಯಾಬಿನಲ್ಲಿ ಸಂಖ್ಯೆ ಓದಿದಂತೆ, ಒಂದನ್ನೂ ಬಿಡದೆ. ಬರೆದ ಪರೀಕ್ಷೆಯನ್ನು ಬಿಟ್ಟದ್ದು. ರಿಪೋರ್ಟಿನ ಕೆಳಗಿನ ಸಾಲು ತನ್ನದೇ ಎನ್ನುವುದು. ಡಾಕ್ಟರು ಹೇಳಿದ್ದು. ಇಂಜೆಕ್ಷನ್ ಕೊಟ್ಟು ನೋಡುವವರೆಗೆ ಆ ಸೊನ್ನೆ ಪಾಯಿಂಟ್ ನಾಲ್ಕಕ್ಕೆ ಅರ್ಥವಿಲ್ಲ ಎನ್ನುವುದು.

ಲಿಫ್ಟ್ ಮೆಕ್ಯಾನಿಕ್ ಬಾಯಿ ತೆರೆದ. ಸಣ್ಣಿ ಅವನ ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನಾಗಿಸಿದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಹನ್ನೊಂದು ದಿನ ಆಯ್ತು."

"ಬೂಟು ತಂದಾಗ?"

"ಗೊತ್ತಿತ್ತು."

ಸಣ್ಣಿ ಕೂಗಾಡಿದ್ದರೆ ಅಕ್ಕನಿಗೆ ಹಗುರಾಗುತ್ತಿತ್ತು. ಅವಳು ಕೂಗಾಡಲಿಲ್ಲ. "ನಿನ್ನ ಒಂದು ಮಾತಿಗೆ ನಾನು ನನ್ನ ಹೊಟ್ಟೇನೇ ಸತ್ತೋಯ್ತು ಅಂತ ಅಂದ್ಕೊಂಡೆ," ಎಂದಳು. "ಎರಡನೇ ಮಾತು ಹೇಳೋಕೆ ನಿಂಗೆ ಹನ್ನೊಂದು ದಿನ ಬೇಕಾಯ್ತು." ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಗಂಡ ಹಿಂದಿನಿಂದ ಓಡಿದ.

ಮೂರು ವಾರ ಯಾವ ಸುದ್ದಿಯೂ ಇರಲಿಲ್ಲ. ಪಾಯಿಂಟಕ್ಕ ಫೋನ್ ಮಾಡಿದರೆ ಹೊಡೆದುಕೊಂಡು ಹೊಡೆದುಕೊಂಡು ನಿಲ್ಲುತ್ತಿತ್ತು. ಲ್ಯಾಬಿನಲ್ಲಿ ಯಾರೋ 'ಸುಮಾರು ಮೂರು ಸಾರ್' ಎಂದಾಗ ಅವಳು ತಿದ್ದಲಿಲ್ಲ, ಮೂವರು ತಿರುಗಿ ನೋಡಿದರು. ಒಂದು ಸಂಜೆ ಫೋನ್ ಬಂದದ್ದು ತಂಗಿಯ ಗಂಡನಿಂದ.

"ಅತ್ತಿಗೆ, ಪಿಟ್ಯುಟರಿ ಡಾಕ್ಟ್ರ ಹತ್ರ ಹೋಗಿದ್ವಿ. ನಮಗೆ ಬೈದ್ರು, ನಿಮಗೆ ಬೈದ್ರು, ಆ ಕ್ಲಿನಿಕ್ಕಿಗೆ ಬೈದ್ರು, ಆಮೇಲೆ ಇಂಜೆಕ್ಷನ್ ಬರೆದ್ರು. ನಾಳೆಯಿಂದ ದಿನಾ ಒಂದು, ಹೊಟ್ಟೆಗೆ. ಎಷ್ಟು ವಾರ ಅಂತ ಹೇಳೋಕಾಗಲ್ಲ ಅಂತೆ. ನೀವೇ ಬಂದು ಕೊಡ್ಬೇಕಂತೆ."

"ಸಣ್ಣಿ ಹೇಳಿದ್ಲಾ?"

"ಹೂಂ. ಬೇರೆ ಯಾರ ಕೈಲೂ ಚುಚ್ಚಿಸ್ಕೊಳ್ಳಲ್ಲ ಅಂತಾಳೆ. ನಾನು ಹದಿನಾಲ್ಕು ಮಹಡಿ ಲಿಫ್ಟ್ ಹೊಂಡದ ಮೇಲೆ ಜೋತಾಡ್ತೀನಿ, ಸೂಜಿ ನೋಡಿದ್ರೆ ಬಿದ್ದೋಗ್ತೀನಿ." ಸ್ವಲ್ಪ ತಡೆದು ಸೇರಿಸಿದ, "ಹಾಗಂತ ಮಾತಾಡ್ತಾಳೆ ಅಂತ ಅಂದ್ಕೋಬೇಡಿ."

ಮಾತಾಡಲಿಲ್ಲ. ದಿನಾ ಸಂಜೆ ಏಳೂವರೆಗೆ ಪಾಯಿಂಟಕ್ಕ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದಳು. ಬಾಗಿಲು ತೆರೆಯುತ್ತಿತ್ತು. ಸಣ್ಣಿ ಮಂಚದ ಅಂಚಿನಲ್ಲಿ ಕೂತು ಅಂಗಿ ಮೇಲೆತ್ತಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದಳು. ಅಕ್ಕ ಪುಡಿಗೆ ನೀರು ಸೇರಿಸಿ, ಕರಗುವವರೆಗೆ ಅಂಗೈಗಳ ನಡುವೆ ಉರುಳಿಸಿ, ಸಿರಿಂಜಿಗೆ ಎಳೆದುಕೊಂಡು, ಗುಳ್ಳೆ ತಟ್ಟಿ ತೆಗೆದು, ಹೊಕ್ಕುಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿಯುತ್ತಿದ್ದಳು. ಪ್ರತಿ ಸಲವೂ ಹೊಟ್ಟೆ ಒಳಗೆ ಸರಿಯುತ್ತಿತ್ತು. ಚುಚ್ಚಿ, ನಿಧಾನಕ್ಕೆ ಒತ್ತಿ, ಹತ್ತು ಎಣಿಸಿ ತೆಗೆಯುತ್ತಿದ್ದಳು. ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಕೊಟ್ಟು ಮುಗಿದ ಮೇಲೆ ಬಾಗಿಲ ತನಕ ಬಂದು ಕಳಿಸುವವನು ತಂಗಿಯ ಗಂಡ. ಟೀ ಕುಡಿದು ಹೋಗಿ ಎಂದು ಅವನೂ ಹೇಳಲಾರ, ಇವಳೂ ಕೂರಲಾರಳು.

ಈ ಔಷಧ ಹಿಡಿದರೆ ತನ್ನದು ಬೇಡವಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಿಡಿಯಲಿ ಎಂದು ಬಸ್ಸಿನಲ್ಲಿ ಹೋಗುವಾಗ ಬೇಡಿಕೊಳ್ಳುತ್ತಿದ್ದಳು. ವಾಪಸ್ ಬರುವಾಗ ಆ ಕಿವಿ ನೆನಪಾಗುತ್ತಿತ್ತು. ಎರಡೂ ನಿಜವೇ ಆಗಿತ್ತು, ಒಂದು ಇನ್ನೊಂದನ್ನು ಅಳಿಸುತ್ತಿರಲಿಲ್ಲ. ಆದರೂ ಒಂದು ದಿನವೂ ಅವಳು ಅಳತೆ ತಪ್ಪಲಿಲ್ಲ, ಒಂದು ದಿನವೂ ತಡ ಮಾಡಲಿಲ್ಲ. ಎರಡನ್ನೂ ಹೊತ್ತುಕೊಂಡು ಮಾಡಬಹುದಾದದ್ದು ಅಷ್ಟೇ ಇತ್ತು.

ಎರಡು ವಾರಕ್ಕೆ ಸ್ಕ್ಯಾನ್ ಮಾಡಿದರು, ಏನೂ ಕಾಣಲಿಲ್ಲವಂತೆ. ಗಂಡ ಮೆಟ್ಟಿಲ ಹತ್ತಿರ ಪಿಸುಗುಟ್ಟಿದ. ಔಷಧ ಹೆಚ್ಚಿಸಿದರು. ಮೂರನೆಯ ವಾರವೂ ಹಾಗೆಯೇ ಹೋಯಿತು. ಸಣ್ಣಿಯ ಹೊಟ್ಟೆಯ ಮೇಲೆ ಹಸಿರು ನೀಲಿ ಕಲೆಗಳಾಗಿ ಸೂಜಿಗೆ ಜಾಗ ಹುಡುಕಬೇಕಾಯಿತು.

ಇಪ್ಪತ್ತಾರನೆಯ ಸಂಜೆ ಸೂಜಿ ತೆಗೆದು ಹತ್ತಿ ಒತ್ತಿದಾಗ ಸಣ್ಣಿ ಅಂಗಿ ಇಳಿಸಲಿಲ್ಲ. ಗೋಡೆಯ ಕಡೆ ನೋಡುತ್ತಲೇ ಹೇಳಿದಳು.

"ಎಡಗಡೆ ಮೂರು ಎಗ್, ಬಲಗಡೆ ಎರಡು. ಇವತ್ತಿನ ಸ್ಕ್ಯಾನಲ್ಲಿ ಕಾಣಿಸ್ತು."

ಪಾಯಿಂಟಕ್ಕನಿಗೆ ಸಂತೋಷವೇ ಆಯಿತು, ಅದರಲ್ಲಿ ಸುಳ್ಳಿರಲಿಲ್ಲ. ಐದು, ಐದು ಎಂದು ಮನಸ್ಸು ಕುಣಿಯಿತು. ಅದೇ ಉಸಿರಿನಲ್ಲಿ ಒಳಗೆ ಇನ್ನೇನೋ ಕುಸಿದು ಕೂತಿತು, ಕಣ್ಣು ತುಂಬಿ ಹರಿಯಿತು. ಸಣ್ಣಿ ಈಗ ತಿರುಗಿ ಅವಳನ್ನೇ ನೋಡುತ್ತಿದ್ದಳು.

"ನಿಂಗೆ ಬೇಕಿತ್ತು ಅಲ್ವಾ ಅಕ್ಕಾ?"

ಏನು ಎಂದು ಇವಳು ಕೇಳಲಿಲ್ಲ. "ಬೇಕಿತ್ತು."

"ಹನ್ನೊಂದು ದಿನ ಅದಕ್ಕೇನಾ?"

"ಅದಕ್ಕೇ."

ಸಣ್ಣಿ ಅಂಗಿ ಇಳಿಸಿಕೊಂಡಳು. ಕೋಪವಿರಲಿಲ್ಲ ಅವಳ ದನಿಯಲ್ಲಿ, ಅದಕ್ಕೇ ಕೇಳುವುದು ಕಷ್ಟವಾಯಿತು.

"ಅವತ್ತೇ ಬಂದು ಹೇಳಿದ್ದಿದ್ರೆ, ಸಣ್ಣಿ, ನಿಂದೂ ಏಳ್ಬಹುದಂತೆ, ಆದ್ರೆ ನಂಗೆ ಒಂದು ಆಸೆ ಇದೆ ಅಂತ ಅಂದಿದ್ದಿದ್ರೆ, ನಾನು ನಿಂದೇ ಹೊತ್ಕೊಳ್ತಿದ್ದೆ ಅಕ್ಕಾ. ಎರಡನೇ ಸಲ ಯೋಚ್ನೆ ಮಾಡ್ತಿರ್ಲಿಲ್ಲ. ನನ್ನ ಸಾಕಿದೋಳು ನೀನು."

ಪಾಯಿಂಟಕ್ಕ ತಲೆಯೆತ್ತಿದಳು. ಅವಳ ಮುಖದಲ್ಲಿ ಏನು ಕಂಡಿತೋ, ಸಣ್ಣಿ ಕೈ ಅಡ್ಡ ಹಿಡಿದಳು.

"ಈಗ ಕೇಳ್ಬೇಡ. ಈಗ ನನ್ನದು ಕಣ್ಣಿಂದ ನೋಡಿದ್ದೀನಿ. ಈಗ ನಂಗೆ ನಂದೇ ಬೇಕು."

ಕೇಳುವುದಿಲ್ಲ ಎಂದು ಅಕ್ಕ ತಲೆಯಾಡಿಸಿದಳು. ಸಿರಿಂಜನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ನಾಳೆಯ ಔಷಧವನ್ನು ಫ್ರಿಜ್ಜಿನಲ್ಲಿ ಮುಂದಕ್ಕೆ ತೆಗೆದಿಟ್ಟಳು, ಮುಖ ಒರೆಸಿಕೊಂಡಳು.

"ನಾಳೆ ಬಲಗಡೆ," ಎಂದಳು.

"ಹೂಂ," ಎಂದಳು ಸಣ್ಣಿ. "ಏಳೂವರೆಗೆ ಬಾ."